ಡಿಶ್ ಒಂದೇ ಸಾಕು, ವೈರ್ ಒಂದೇ ಸಾಲದು

ಜಂಬೂ ಸವಾರಿ ಮುಗಿಯುವ ತನಕ ನನ್ನ ಫೋನು ತಣ್ಣಗಿರುತ್ತದೆ. ಅವತ್ತು ಮೈಸೂರು, ಮಂಡ್ಯದ ಮನೆಗಳಲ್ಲಿ ನೆಂಟರು ತುಂಬಿರುತ್ತಾರೆ. ಹಾಲ್‌ನಲ್ಲೂ ರೂಮಿನಲ್ಲೂ ಮಹಡಿಯಲ್ಲೂ ಟಿವಿ. ಎಲ್ಲದರಲ್ಲೂ ಚಂದನ, ಎಲ್ಲದರಲ್ಲೂ ಅಂಬಾರಿ. ಆನೆ ಬನ್ನಿಮಂಟಪದ ದಾರಿ ಹಿಡಿದ ಮೇಲೆ ಹಾಲ್‌ಗೆ ಕ್ರಿಕೆಟ್ಟು, ರೂಮಿಗೆ ಸೀರಿಯಲ್ಲು, ಮೇಲೆ ಮಕ್ಕಳಿಗೆ ಕಾರ್ಟೂನು ಅಂತ ಒಬ್ಬೊಬ್ಬರು ಒಂದೊಂದು ಕಡೆ ರಿಮೋಟ್ ಒತ್ತಿದರೋ, ಶುರು. "ಸಾರ್, ಮಧ್ಯಾಹ್ನ ಮೂರು ಟಿವಿಯೂ ಚೆನ್ನಾಗೇ ಬರ್ತಿತ್ತು. ಈಗ ಅಮ್ಮನ ರೂಮಲ್ಲಿ ನೋ ಸಿಗ್ನಲ್ ಅಂತಿದೆ. ಡಿಶ್ ಏನಾದ್ರೂ ಅಲ್ಲಾಡಿದ್ಯಾ?"

ಡಿಶ್ ಅಲ್ಲಾಡಿಲ್ಲ. ಹೋಗಿ ನೋಡದೆ ತೀರ್ಪು ಕೊಡಬಾರದು ನಿಜ, ಆದರೆ ಈ ದೂರು ಕೇಳಿದ ತಕ್ಷಣ ನನಗೆ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ: ಡಿಶ್‌ನಿಂದ ಒಂದೇ ವೈರ್ ಇಳಿದಿದೆ, ಅದನ್ನು ಯಾರೋ ಅಂಗಡಿಯಿಂದ ತಂದ ಸ್ಪ್ಲಿಟರ್‌ಗೆ ಕೊಟ್ಟು ಮೂರು ಮಾಡಿದ್ದಾರೆ.

ತಪ್ಪು ಜನರದ್ದೂ ಅಲ್ಲ, ಕೇಬಲ್ ಟಿವಿಯ ಅಭ್ಯಾಸದ್ದು. ನಾನೂ ಕೇಬಲ್ ಎಳೆದುಕೊಂಡೇ ಈ ಡಿಶ್ ಕೂರಿಸುವ ಕಸುಬಿಗೆ ಬಂದವನು. ಕೇಬಲ್‌ನಲ್ಲಿ ಎಲ್ಲ ಚಾನೆಲ್ಲೂ ಒಂದೇ ವೈರಿನಲ್ಲಿ ಒಟ್ಟಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದವು, ಟಿವಿ ತನಗೆ ಬೇಕಾದ್ದನ್ನು ಹೆಕ್ಕಿಕೊಳ್ಳುತ್ತಿತ್ತು. ವೈರನ್ನು ಎಷ್ಟು ಕವಲು ಮಾಡಿದರೂ ಸಿಗ್ನಲ್ ಸ್ವಲ್ಪ ಬಡವಾಗುತ್ತಿತ್ತು, ಅಷ್ಟೇ. ಡಿಶ್‌ನ ವೈರ್ ಹಾಗಲ್ಲ. ಅದರಲ್ಲಿ ಸಿಗ್ನಲ್ ಕೆಳಗಿಳಿಯುತ್ತದೆ, ಅದೇ ತಂತಿಯಲ್ಲಿ ಟಿವಿ ಪಕ್ಕದ ಸೆಟ್‌ಟಾಪ್ ಬಾಕ್ಸಿನ ಅಪ್ಪಣೆ ಮೇಲಕ್ಕೆ ಹೋಗುತ್ತದೆ. ಈ ಮೇಲಕ್ಕೆ ಹೋಗುವ ಸಂಗತಿಯೇ ಯಾರ ತಲೆಗೂ ಹೋಗುವುದಿಲ್ಲ.

ಆಕಾಶದಿಂದ ಬರುವ ಅಲೆ ಎರಡು ಬಗೆ, ನೆಟ್ಟಗೆ ನಿಂತದ್ದು ಒಂದು, ಅಡ್ಡ ಮಲಗಿದ್ದು ಇನ್ನೊಂದು. ನೀವು ರಿಮೋಟ್ ಒತ್ತಿದಾಗ ಬಾಕ್ಸು ಆ ಚಾನೆಲ್ ಯಾವ ಬಗೆಯದೆಂದು ನೋಡಿ, ವೈರಿನ ಮೂಲಕ ಎಲ್‌ಎನ್‌ಬಿಗೆ, ಅಂದರೆ ಡಿಶ್‌ನ ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಡಬ್ಬಿಗೆ, ಅಪ್ಪಣೆ ಕಳಿಸುತ್ತದೆ. 13 ವೋಲ್ಟ್ ಕಳಿಸಿದರೆ ನಿಂತದ್ದು ಕೊಡು ಎಂದರ್ಥ. 18 ವೋಲ್ಟ್ ಕಳಿಸಿದರೆ ಮಲಗಿದ್ದು ಕೊಡು ಎಂದರ್ಥ. ಯೂನಿವರ್ಸಲ್ ಎಲ್‌ಎನ್‌ಬಿಯಾದರೆ ಇದರ ಜೊತೆಗೆ 22 ಕಿಲೋಹರ್ಟ್ಸ್‌ನ ಒಂದು ಟೋನು. ಟೋನ್ ಇಲ್ಲದಿದ್ದರೆ 10.7ರಿಂದ 11.7 ಗಿಗಾಹರ್ಟ್ಸ್‌ನ ಕೆಳಪಟ್ಟಿ, ಇದ್ದರೆ 11.7ರಿಂದ 12.75ರ ಮೇಲ್ಪಟ್ಟಿ. ಎರಡು ಬಗೆಗೆ ಎರಡೆರಡು ಪಟ್ಟಿ, ಒಟ್ಟು ನಾಲ್ಕು ಕಂತೆ ಚಾನೆಲ್. ಒಂದು ವೈರಿನಲ್ಲಿ ಒಂದು ಹೊತ್ತಿಗೆ ಇಳಿಯುವುದು ಒಂದೇ ಕಂತೆ. ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ನಾಲ್ಕೂ ಅಲ್ಲ, ಎರಡೂ ಅಲ್ಲ, ಒಂದೇ.

ಈಗ ಆ ವೈರನ್ನು ಸ್ಪ್ಲಿಟರ್‌ನಲ್ಲಿ ಕವಲು ಮಾಡಿದ ಮನೆ ನೋಡಿ. ಹಾಲ್‌ನ ಬಾಕ್ಸು 18 ಎನ್ನುತ್ತದೆ, ಅಮ್ಮನ ರೂಮಿನ ಬಾಕ್ಸು 13 ಎನ್ನುತ್ತದೆ. ಸಾಮಾನ್ಯವಾಗಿ ಜಾಸ್ತಿ ವೋಲ್ಟೇಜಿನದೇ ಮೇಲುಗೈ. ಅಮ್ಮನ ಸೀರಿಯಲ್ ಹೋಯಿತು. ಎಲ್ಲರೂ ಒಂದೇ ಕಂತೆಯ ಚಾನೆಲ್ ನೋಡುವಷ್ಟು ಹೊತ್ತು ಜಗಳವೇ ಇಲ್ಲ. ಜಂಬೂ ಸವಾರಿ ಸಾಂಗವಾಗಿ ನಡೆದದ್ದು ಅದಕ್ಕೇ. ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಗೊತ್ತಾದ ದಿನ, ಕೊನೆಯದಾಗಿ ಡಿಶ್ ಮುಟ್ಟಿದವನು ನಾನೇ ಆಗಿರುತ್ತೇನೆ.

ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಹಳ್ಳಿಯಲ್ಲಿ ಹೊಸ ಮನೆ. ಗೃಹಪ್ರವೇಶವಾಗಿ ಹದಿನೈದು ದಿನ, ಬಾಗಿಲ ಮಾವಿನ ತೋರಣ ಒಣಗಿ ಇನ್ನೂ ನೇತಾಡುತ್ತಿತ್ತು. ಸ್ಪ್ಲಿಟರ್ ಕೂಡ ಇಲ್ಲ. ಎಲೆಕ್ಟ್ರಿಷಿಯನ್ನು ಟಿವಿ ಪಾಯಿಂಟನ್ನೂ ಲೂಪ್ ಮಾಡಿಬಿಟ್ಟಿದ್ದ. ಹಾಲಿಂದ ರೂಮಿಗೆ, ರೂಮಿಂದ ಮಹಡಿಗೆ. ಪ್ಲೇಟ್ ಬಿಚ್ಚಿದೆ. ನಡುವಿನ ತಾಮ್ರದ ತಂತಿಗಳನ್ನು ಒಟ್ಟಿಗೆ ತಿರುಚಿ ಹಸಿರು ಟೇಪು ಸುತ್ತಿದ್ದಾನೆ. ಸುತ್ತಲಿನ ಹೆಣೆದ ತಂತಿಯನ್ನು ಪ್ಯಾಕಿಂಗ್ ಅಂದುಕೊಂಡನೋ ಏನೋ, ನೀಟಾಗಿ ಕತ್ತರಿಸಿ ಎಸೆದಿದ್ದಾನೆ! ಆ ಹೆಣಿಗೆ ಇಲ್ಲದೆ ವೋಲ್ಟೇಜು ಮೇಲೆ ಹೋಗುವುದಿಲ್ಲ, ಸಿಗ್ನಲ್ ಕೆಳಗೆ ಬರುವುದಿಲ್ಲ.

ಯಜಮಾನರಿಗೆ ಸಿಟ್ಟು. "ಕರೆಂಟು ಹಾಲಿಂದ ರೂಮ್ಗೋಯ್ತದೆ, ರೂಮಿಂದ ಮೇಲಕ್ಕೋಯ್ತದೆ. ಇದ್ಯಾಕ್ ಸಾ ವೋಗಾಕಿಲ್ಲ?" ಅರ್ಧ ಗಂಟೆ ವೋಲ್ಟು, ಟೋನು ಅಂತ ಗಂಟಲು ಹರಿದುಕೊಂಡೆ. ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದ ಅವರ ತಂದೆ ತಲೆಯೆತ್ತದೆ ಅಂದರು: "ಒಂದೇ ತೂಬು, ಇಬ್ರು ನೀರುಗಂಟಿಗಳು. ಒಬ್ಬ ಎತ್ತು ಅಂತಾನೆ, ಇನ್ನೊಬ್ಬ ಮುಚ್ಚು ಅಂತಾನೆ. ಅದೇ ತಾನೆ ನೀನು ಯೋಳ್ತಿರೋದು?" ಅದೇ. ಅವತ್ತಿನಿಂದ ನಾನೂ ಹಾಗೇ ಹೇಳುತ್ತಿದ್ದೇನೆ.

ಹಾಗಾದರೆ ಪ್ರತಿ ಟಿವಿಗೂ ಒಂದೊಂದು ಡಿಶ್ ಬೇಕೇ? ಬೇಡ. ಸರಸ್ವತಿಪುರಂನ ಕೆಲವು ತಾರಸಿಗಳಲ್ಲಿ ಒಂದೇ ಮನೆಯ ಮೂರು ಡಿಶ್ ಸಾಲಾಗಿ ನಿಂತಿರುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ನಾಲ್ಕು ಟಿವಿಯ ತನಕ ಕ್ವಾಡ್ ಎಲ್‌ಎನ್‌ಬಿ ಹಾಕಿ, ಅದರ ನಾಲ್ಕು ಬಾಯಿಂದ ನಾಲ್ಕು ವೈರ್ ನೇರ ನಾಲ್ಕು ರೂಮಿಗೆ ಇಳಿಸಿದರೆ ಮುಗಿಯಿತು. ಅದಕ್ಕಿಂತ ಹೆಚ್ಚು ಟಿವಿ ಇದ್ದರೆ, ಅಥವಾ ಕೆಳಗೆ ಮೇಲೆ ಬಾಡಿಗೆಗೆ ಕೊಟ್ಟಿದ್ದರೆ, ಮಲ್ಟಿಸ್ವಿಚ್. ಕ್ವಾಟ್ರೋ ಎಲ್‌ಎನ್‌ಬಿಯಿಂದ ನಾಲ್ಕು ಕಂತೆಯೂ ನಾಲ್ಕು ವೈರಿನಲ್ಲಿ ಆ ಡಬ್ಬಕ್ಕೆ ಬರುತ್ತದೆ. ಅಲ್ಲಿಂದ ಎಂಟೋ ಹನ್ನೆರಡೋ ಹದಿನಾರೋ ವೈರ್ ಹೊರಡುತ್ತದೆ. ಯಾವ ರೂಮಿನ ಬಾಕ್ಸು ಏನು ಕೇಳಿದರೂ ಆ ರೂಮಿನ ವೈರಿಗೆ ಮಾತ್ರ ಡಬ್ಬ ಅದನ್ನು ಕೊಡುತ್ತದೆ, ಪಕ್ಕದ ರೂಮಿಗೆ ಸುದ್ದಿಯೇ ಇಲ್ಲ. ಕ್ವಾಡ್ ಬೇರೆ, ಕ್ವಾಟ್ರೋ ಬೇರೆ. ಅಂಗಡಿಯವರು ಒಂದು ಕೇಳಿದರೆ ಇನ್ನೊಂದು ಕೊಡುವುದುಂಟು. ಕೆಲವು ಸ್ವಿಚ್ಚು ಎರಡನ್ನೂ ಒಪ್ಪುತ್ತವೆ. ಡಬ್ಬದ ಮೇಲೆ ಓದಿ ನೋಡಿಯೇ ದುಡ್ಡು ಕೊಡಿ.

ಡಬ್ಬ ಇಡುವ ಜಾಗ ಮೆಟ್ಟಿಲ ಮೇಲಿನ ಹೆಡ್‌ರೂಮ್ ಒಳ್ಳೆಯದು. ಮಳೆ ಬೀಳಬಾರದು, ಗಾಳಿಯಾಡಬೇಕು, ಹತ್ತಿರ ಒಂದು ಪ್ಲಗ್ ಪಾಯಿಂಟ್ ಇರಬೇಕು. ಪ್ರತಿ ರೂಮಿಂದ ಅಲ್ಲಿಗೆ ಬೇರೆ ಬೇರೆ ಪೈಪು, ಕರೆಂಟಿನ ವೈರ್ ಅದರೊಳಗೆ ಬರಕೂಡದು. ವೈರ್ ಆರ್‌ಜಿ-6 ಇರಲಿ. ಕೇಬಲ್ ಕಾಲದ ಸಣ್ಣ ಆರ್‌ಜಿ-59 ಮನೆಯಲ್ಲಿ ಬಿದ್ದಿದೆ ಅಂತ ಹಾಕಿಸಬೇಡಿ. ಎಲ್‌ಎನ್‌ಬಿಯಿಂದ ಇಳಿಯುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್‌ನದು, ಅದು ವೈರಿನ ಉದ್ದ ಹೆಚ್ಚಿದಷ್ಟೂ ಸೊರಗುತ್ತದೆ. ಹಳೆಯ ಸ್ಪ್ಲಿಟರ್ ಕೈಗೆತ್ತಿಕೊಂಡು ನೋಡಿ, ಅದರ ಮೈಮೇಲೆಯೇ 5-1000 ಎಂದು ಅಚ್ಚಾಗಿರುತ್ತದೆ, ಅಂದರೆ 1000 ಮೆಗಾಹರ್ಟ್ಸ್ ತನಕ ಮಾತ್ರ. ನಿಮ್ಮ ಚಾನೆಲ್‌ಗಳು ಶುರುವಾಗುತ್ತಿದ್ದ ಹಾಗೇ ಅದು ಮುಗಿದು ಹೋಗುತ್ತದೆ.

ಇನ್ನೊಂದು ಜಾತಿಯ ಗಿರಾಕಿಗಳಿದ್ದಾರೆ. ಬಾಕ್ಸೇ ಒಂದು ಸಾಕು, ಅದನ್ನು ಎಲ್ಲ ರೂಮಿಗೂ ಹಂಚಿ ಎನ್ನುವವರು. ಎಚ್‌ಡಿಎಂಐ ಸ್ಪ್ಲಿಟರ್ ಹಾಕಿ ಹಂಚಬಹುದು. ಆಗ ಹಾಲ್‌ನಲ್ಲಿ ಮಾವನವರು ಇಟ್ಟ ಚಾನೆಲ್ಲೇ ಮನೆ ಮಂದಿಗೆಲ್ಲ ಪ್ರಸಾದ. ಬೇರೆ ಬೇರೆ ಚಾನೆಲ್ ಬೇಕಾದರೆ ಬೇರೆ ಬೇರೆ ಬಾಕ್ಸ್ ಬೇಕು, ಕಂಪನಿಯ ಡಿಶ್ ಆದರೆ ತಿಂಗಳ ದುಡ್ಡೂ ಅದಕ್ಕೆ ತಕ್ಕ ಹಾಗೆ. ಒಂದೇ ವೈರಿನಲ್ಲಿ ಹಲವು ಬಾಕ್ಸಿಗೆ ಬೇರೆ ಬೇರೆ ಜಾಗ ಮಾಡಿಕೊಡುವ ಯೂನಿಕೇಬಲ್ ಎಂಬ ಏರ್ಪಾಡು ಇದೆ, ಸುಳ್ಳಲ್ಲ. ಆದರೆ ನಿಮ್ಮ ಬಾಕ್ಸಿಗೆ ಅದರ ಭಾಷೆ ಬರಬೇಕು. ಕಂಪನಿಯವರನ್ನು ಕೇಳಿ ಖಾತ್ರಿ ಮಾಡಿಕೊಳ್ಳದೆ ಸಾಮಾನು ತರಿಸಿ ನನ್ನನ್ನು ಕರೆಯಬೇಡಿ.

ಅಪ್ಪನಿಗೆ ಫ್ರೀ ಡಿಶ್, ಮಗನಿಗೆ ಕಂಪನಿ ಡಿಶ್ ಎನ್ನುವ ಮನೆಯಾದರೆ ಲೆಕ್ಕ ಬೇರೆ. ಡಿಡಿ ಫ್ರೀ ಡಿಶ್ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯ ಜಿಸ್ಯಾಟ್-15 ಉಪಗ್ರಹದಿಂದ, ಟಾಟಾ ಪ್ಲೇಗೆ ಮೀಸಲಾದ ಜಿಸ್ಯಾಟ್-24 ಇರುವುದು 83 ಡಿಗ್ರಿಯಲ್ಲಿ. ದಿಕ್ಕು ಬೇರೆ ಬೇರೆ, ಒಂದರ ಕಡೆ ತಿರುಗಿಸಿದ ಸಾದಾ ಡಿಶ್ ಇನ್ನೊಂದಕ್ಕೆ ಒದಗುವುದಿಲ್ಲ. ಎರಡು ಉಪಗ್ರಹವನ್ನೂ ಸಂಭಾಳಿಸುವುದು ನಮ್ಮ ಪಕ್ಕದ ಹಾಸನದ ಇಸ್ರೋ ನಿಯಂತ್ರಣ ಕೇಂದ್ರ, 1982ರಿಂದ ಅಲ್ಲಿದೆ. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹವನ್ನು ಅವರು ಕೂತಲ್ಲಿಂದ ಜಾಗ ಕದಲದ ಹಾಗೆ ನಿಲ್ಲಿಸುತ್ತಾರೆ, ನಮ್ಮ ತಾರಸಿಯ ಡಿಶ್ ಆಷಾಢದ ಗಾಳಿಗೆ ನಿಲ್ಲುವುದಿಲ್ಲ. ಬೋಲ್ಟ್ ಬಿಗಿ ಇರಲಿ. ಚಾಮುಂಡಿ ಬೆಟ್ಟದ ಮಗ್ಗುಲಿನವರು ಕೋತಿಗಳ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಅವಕ್ಕೆ ಡಿಶ್‌ನ ತೋಳು ಎಂದರೆ ಜೋಕಾಲಿ.

ಆ ಮಂಡ್ಯದ ಮನೆ ಅರ್ಧಕ್ಕೇ ಬಿಟ್ಟೆ. ಹಾಲಿಗೂ ರೂಮಿಗೂ ಹೊಸ ವೈರ್ ಸಲೀಸಾಗಿ ಎಳೆದಾಯಿತು. ಮಹಡಿಯ ಪೈಪಿಗೆ ಸ್ಪ್ರಿಂಗ್ ಬಿಟ್ಟರೆ ಬೆಂಡ್ ಹತ್ತಿರ ಟಕ್ ಅಂತ ನಿಂತಿತು. ತಾರಸಿ ಹಾಕುವಾಗ ಸಿಮೆಂಟ್ ಹಾಲು ಇಳಿದು ಕಲ್ಲಾಗಿದೆ. ಗೋಡೆ ಒಡೆಯೋಣ ಎಂದರೆ ಯಜಮಾನರು ಹೊಸ ಬಣ್ಣದ ಗೋಡೆಯನ್ನೂ ನನ್ನನ್ನೂ ಒಂದೊಂದು ಸಲ ನೋಡಿದರು. ಕೊನೆಗೆ ಹೊರಗಿನಿಂದ, ಸಜ್ಜದ ಕೆಳಗೆ ಕ್ಲಿಪ್ ಹೊಡೆದು, ಕಿಟಕಿ ಚೌಕಟ್ಟಿನಲ್ಲಿ ತೂತು ಕೊರೆದು ವೈರ್ ಒಳಗೆ ತಂದೆ. ಹಳದಿ ಗೋಡೆಯ ಮೇಲೆ ಕಪ್ಪು ಗೆರೆ. ಮುದುಕಪ್ಪ ಅಂಗಳಕ್ಕೆ ಬಂದು, ಹಣೆಗೆ ಕೈಯಡ್ಡ ಹಿಡಿದು ಅದನ್ನು ಮೇಲಿಂದ ಕೆಳಗಿನ ತನಕ ನೋಡಿದರು.

"ಮೊಮ್ಮಗನ ಗದ್ದೆಗೆ ಬೇರೆ ಕಾಲ್ವೆ ತೋಡ್ಬುಟ್ಯಲ್ಲಪ್ಪ" ಅಂದರು.