ಹಿತ್ತಲಿನ ಚಕ್ಕೋತ, ಎದೆಯ ತಾಳ

ಸೋಮವಾರಪೇಟೆಯಲ್ಲಿ ಆಷಾಢದ ಮಳೆ ಹಿಡಿದರೆ ಬಿಡುವ ಮಾತಿಲ್ಲ. ಅಂಥ ಮಳೆಯಲ್ಲೇ ಚಿಕ್ಕಪ್ಪನಿಗೆ ಕೆಮ್ಮು, ಹಿಂದೆಯೇ ಮೂರು ದಿನ ಬೇಧಿ. ಕಿಡ್ನಿ ಕಸಿಯಾಗಿ ಎರಡು ವರ್ಷವಾಗಿತ್ತು. ನಾಲ್ಕನೇ ದಿನ ಒಲೆ ಮುಂದೆ ಕೂತವರು ಎದೆ ಹಿಡಿದುಕೊಂಡು, "ಬಡಿತ ಒಂದು ತಪ್ಪಿ ಮುಂದಿನದು ಜೋರಾಗಿ ಬಿದ್ದ ಹಾಗಾಗ್ತಿದೆ ಕಣೋ" ಅಂದರು. ಮಡಿಕೇರಿಗೆ ಕರೆದೊಯ್ದೆವು. ಇಸಿಜಿ ನೋಡಿದ ವೈದ್ಯರು ಮೊದಲು ಕೇಳಿದ್ದೇ, "ಹೊಸದಾಗಿ ಏನು ಮಾತ್ರೆ ತಗೊಂಡ್ರಿ?" ಅಂತ. ಚಿಕ್ಕಪ್ಪ ಅಂಗಿ ಜೇಬಿನಿಂದ ಅರ್ಧ ಖಾಲಿಯಾದ ಪಟ್ಟಿ ತೆಗೆದರು: ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್. ಕೆಮ್ಮಿಗೆಂದು ಅಂಗಡಿಯಲ್ಲಿ ಕೇಳಿ ತಂದಿದ್ದು.

ಅವರು ದಿನವೂ ನುಂಗುವ ಮಾತ್ರೆ ಟ್ಯಾಕ್ರೋಲಿಮಸ್. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕಿದ ವಸ್ತು ಅದು. ಕಸಿ ಮಾಡಿದ ಕಿಡ್ನಿಯ ಮೇಲೆ ನಮ್ಮದೇ ದೇಹದ ಕಾವಲು ಕಾಯುವ ಟಿ ಕೋಶಗಳು ಮುಗಿಬೀಳದಂತೆ ತಡೆಯುತ್ತದೆ. ರಕ್ತದಲ್ಲಿ ಅದು ಕಡಿಮೆಯಾದರೆ ದೇಹ ಕಿಡ್ನಿಯನ್ನು ತಿರಸ್ಕರಿಸಬಹುದು, ಹೆಚ್ಚಾದರೆ ಅದೇ ವಿಷ. ನಡುವಿನ ಜಾಗ ಬಹಳ ಕಿರಿದು.

ಹೃದಯದ ವಿಷಯಕ್ಕೆ ಬರೋಣ. ಪ್ರತಿ ಬಡಿತದ ನಂತರ ಹೃದಯದ ಕೋಶಗಳಿಂದ ಪೊಟ್ಯಾಶಿಯಂ ಹೊರಹರಿದರೆ ಮಾತ್ರ ಅವು ಮುಂದಿನ ಬಡಿತಕ್ಕೆ ಅಣಿಯಾಗುತ್ತವೆ. ಬಡಿದು ಮತ್ತೆ ಅಣಿಯಾಗಲು ಹಿಡಿಯುವ ಸಮಯವೇ ಇಸಿಜಿಯಲ್ಲಿ ಕಾಣುವ ಕ್ಯೂಟಿ ಅಂತರ. ನಾಡಿಯ ವೇಗಕ್ಕೆ ಸರಿಹೊಂದಿಸಿದ ಮೇಲೂ ಅದು 500 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡ್, ದಾಟಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಕೋಶಗಳು ಪೂರ್ತಿ ಅಣಿಯಾಗುವ ಮೊದಲೇ ಅಕಾಲದ ಬಡಿತ ಹುಟ್ಟಿ, ಇಸಿಜಿಯ ಗೆರೆಗಳು ಹುರಿ ಹೊಸೆದಂತೆ ತಿರುಚಿಕೊಳ್ಳುವ ಮಾರಕ ಲಯ ಶುರುವಾಗಬಹುದು.

ಟ್ಯಾಕ್ರೋಲಿಮಸ್ ಈ ಅಂತರವನ್ನು ಹಿಗ್ಗಿಸಬಲ್ಲದು. ಅದು ಮಾರಕ ಲಯದವರೆಗೆ ಹೋಗುವುದು ಅಪರೂಪ. ನನಗೆ ಭಯ ಅದರ ಜೊತೆಗೂಡುವವುಗಳದ್ದು. ಈ ಮಾತ್ರೆಯಿಂದಲೇ ಮೂತ್ರದಲ್ಲಿ ಮೆಗ್ನೀಶಿಯಂ ಸೋರಿಹೋಗುತ್ತದೆ. ಬೇಧಿಯಾದರೆ ಇನ್ನಷ್ಟು ಹೋಗುತ್ತದೆ, ಪೊಟ್ಯಾಶಿಯಂ ಕೂಡ. ಇವೆರಡೂ ಕಡಿಮೆಯಾದಾಗ ಕ್ಯೂಟಿ ಇನ್ನಷ್ಟು ಹಿಗ್ಗುತ್ತದೆ. ಬೇಧಿಯಾದಾಗ ಔಷಧವೂ ಕಡಿಮೆ ಹೀರಲ್ಪಡುತ್ತದೆ ಎಂದುಕೊಂಡಿದ್ದೆ, ಆಗುವುದು ತಿರುಗಾಮುರುಗಾ. ಕರುಳಿನ ಒಳಪದರದಲ್ಲೇ ಮಾತ್ರೆಯ ಒಂದು ಪಾಲನ್ನು ಒಡೆಯುವ ಕಿಣ್ವವಿದೆ. ಬೇಧಿಯಲ್ಲಿ ಆ ಕಾವಲು ಸಡಿಲವಾಗಿ ರಕ್ತಕ್ಕೆ ಹೆಚ್ಚು ಔಷಧ ಸೇರುತ್ತದೆ. ಕ್ಲಾರಿಥ್ರೊಮೈಸಿನ್ ಅದೇ ಕಿಣ್ವವನ್ನು ಕಟ್ಟಿಹಾಕುತ್ತದೆ, ಸಾಲದೆಂದು ತಾನೂ ಕ್ಯೂಟಿ ಹಿಗ್ಗಿಸುತ್ತದೆ. ಶಿಲೀಂಧ್ರದ ಸೋಂಕಿಗೆ ಕೊಡುವ ಫ್ಲುಕೊನಜೋಲ್‌ದೂ ಇದೇ ಕಥೆ.

ಇನ್ನು ಚಕ್ಕೋತ. ಕೊಡಗಿನ ಎಷ್ಟೋ ಹಿತ್ತಿಲಲ್ಲಿರುವ ಮರ. ತೊಳೆ ಬಿಡಿಸಿ ಉಪ್ಪು-ಖಾರ ಹಚ್ಚಿ ತಿನ್ನುವ ಹಣ್ಣು. ಗ್ರೇಪ್‌ಫ್ರೂಟ್‌ನಂತೆ ಇದರಲ್ಲೂ ಕರುಳಿನ ಆ ಕಿಣ್ವವನ್ನು ಕೆಡಿಸುವ ವಸ್ತುಗಳಿವೆ. ಹೊಸ ಕಿಣ್ವ ತಯಾರಾಗಲು ದಿನಗಳೇ ಬೇಕು, ಹಾಗಾಗಿ ಬೆಳಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂಬ ಉಪಾಯ ನಡೆಯುವುದಿಲ್ಲ. ನಮ್ಮ ಕೊಡಗಿನ ಕಿತ್ತಳೆ ಈ ಎಚ್ಚರಿಕೆಯ ಪಟ್ಟಿಯಲ್ಲಿಲ್ಲ.

ಹೆದರಿ ಟ್ಯಾಕ್ರೋಲಿಮಸ್ ನಿಲ್ಲಿಸಿದರೆ ಕಿಡ್ನಿಯೇ ಕೈಬಿಟ್ಟೀತು. ಎದೆಬಡಿತ ಏರುಪೇರಾದರೆ, ತಲೆ ಸುತ್ತಿ ಕಣ್ಣು ಕತ್ತಲಿಟ್ಟರೆ ಮಾತ್ರ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಓಡಬೇಕು. ಚಿಕ್ಕಪ್ಪನಿಗೆ ಆಂಟಿಬಯೋಟಿಕ್ ನಿಲ್ಲಿಸಿ, ಡ್ರಿಪ್‌ನಲ್ಲಿ ಮೆಗ್ನೀಶಿಯಂ ಕೊಟ್ಟು, ರಕ್ತದ ಮಟ್ಟ ನೋಡಿ ಟ್ಯಾಕ್ರೋಲಿಮಸ್ ಪ್ರಮಾಣ ಇಳಿಸಿದರು. ಐದನೇ ದಿನದ ಇಸಿಜಿ ಸರಿಯಿತ್ತು.

ಈಗ ಅವರ ಜೇಬಿನಲ್ಲಿ ಮಾತ್ರೆಗಳ ಹೆಸರು ಬರೆದ ಚೀಟಿ ಸದಾ ಇರುತ್ತದೆ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ. ಔಷಧದ ಅಂಗಡಿಗೆ ಹೋದರೆ ಕೆಮ್ಮು ಅನ್ನುವ ಮೊದಲೇ ಅದನ್ನು ಮೇಜಿನ ಮೇಲೆ ಬಿಡಿಸಿಡುತ್ತಾರೆ.