ಕೋರಾ ಬಟ್ಟೆ ಕುಡಿದ ಬಣ್ಣ

1940-50ರ ದಶಕಗಳಲ್ಲಿ ಅಮೆರಿಕದಲ್ಲಿ ಬೆಳೆದ ಚಿತ್ರಕಲೆಯ ಪಂಥ ಅಮೂರ್ತ ಅಭಿವ್ಯಕ್ತಿವಾದ ಎಂದರೆ ಬಣ್ಣದ ಎರಚಾಟ ಅಂದುಕೊಂಡು ಬರುವ ವಿದ್ಯಾರ್ಥಿಗಳು ಮೊದಲು ಕೇಳುವುದು, "ಯಾವ ಬ್ರಷ್ ತಗೊಳ್ಳಲಿ ಸರ್?" ನಾನು ಕೇಳುವುದು ಬೇರೆ: ಕ್ಯಾನ್ವಾಸಿಗೆ ಪ್ರೈಮರ್ (ಬಟ್ಟೆ ಬಣ್ಣ ಹೀರದಂತೆ ತಡೆಯುವ ತಳಲೇಪ) ಬಳಿದಿದ್ದೀರಾ, ಇಲ್ಲವಾ? ಅರ್ಧ ಚಿತ್ರ ಅಲ್ಲೇ ತೀರ್ಮಾನವಾಗಿರುತ್ತದೆ.

ಈ ಪಂಥದ ಅಮೆರಿಕನ್ ಚಿತ್ರಕಾರ ಜಾಕ್ಸನ್ ಪೊಲಾಕ್ 1947ರ ಹೊತ್ತಿಗೆ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಕಡ್ಡಿಯಿಂದಲೂ ಒಣಗಿ ಸೆಟೆದ ಬ್ರಷ್ಷಿನಿಂದಲೂ ಬಣ್ಣ ಇಳಿಬಿಡತೊಡಗಿದ. ಅದು ಹೆಚ್ಚಾಗಿ ಮನೆಗೆ ಬಳಿಯುವ ಎನಾಮೆಲ್. ಸುರಿದರೂ ಎಳೆ ಕಡಿಯುವುದಿಲ್ಲ. ಕೈ ಬೇಗ ಓಡಿದರೆ ಗೆರೆ ಸಣ್ಣಗಾಗುತ್ತದೆ, ತಡೆದರೆ ಮಡುಗಟ್ಟುತ್ತದೆ. ಇದೇನೂ ಆಕಾಶದಿಂದ ಉದುರಿದ್ದಲ್ಲ. 1936ರಲ್ಲಿ ನ್ಯೂಯಾರ್ಕಿನಲ್ಲಿ ಮೆಕ್ಸಿಕೋದ ಭಿತ್ತಿಚಿತ್ರಕಾರ ಸಿಕೇರೋಸ್ ನಡೆಸಿದ ಕಾರ್ಯಾಗಾರದಲ್ಲಿ ಪೊಲಾಕ್ ಇಂಥ ಕಾರ್ಖಾನೆ ಬಣ್ಣಗಳ ಜೊತೆ ಕೈ ಪಳಗಿಸಿಕೊಂಡಿದ್ದ. ಅವನ ಪ್ರಸಿದ್ಧ ಚಿತ್ರಗಳಲ್ಲಿ ಬಣ್ಣ ಬಹುಮಟ್ಟಿಗೆ ಬಟ್ಟೆಯ ಮೇಲೆಯೇ ಕೂತಿದೆ.

1951ರಲ್ಲಿ ತೆಳು ಕಪ್ಪು ಎನಾಮೆಲ್ಲನ್ನು ಅವನು ಕೋರಾ ಬಟ್ಟೆಗೇ ಕುಡಿಸಿದ. ಆ ಚಿತ್ರಗಳನ್ನು ನೋಡಿದವರಲ್ಲಿ ನ್ಯೂಯಾರ್ಕಿನ ಚಿತ್ರಕಾರ್ತಿ ಹೆಲೆನ್ ಫ್ರಾಂಕೆನ್‌ಥೇಲರ್ ಒಬ್ಬಳು. 1952ರ ಅಕ್ಟೋಬರ್‌ನಲ್ಲಿ, 23ರ ವಯಸ್ಸಿನಲ್ಲಿ, ಟರ್ಪೆಂಟೈನ್ ಬೆರೆಸಿ ನೀರಾಗಿಸಿದ ತೈಲವರ್ಣವನ್ನು ಪ್ರೈಮರ್ ಇಲ್ಲದ ದೊಡ್ಡ ಕ್ಯಾನ್ವಾಸಿಗೆ ಸುರಿದಳು. ಅದೇ 'ಮೌಂಟನ್ಸ್ ಅಂಡ್ ಸೀ'. ಬಣ್ಣ ನೂಲಿನೊಳಗೇ ಇಳಿದಿದೆ. ಹತ್ತಿರ ಹೋಗಿ ನೋಡಿದರೆ ಬಟ್ಟೆಯ ನೇಯ್ಗೆ ಹಾಗೇ ಕಾಣುತ್ತದೆ. ಬಣ್ಣ ಹೀರಿದ ಕಲೆಗಳ ಅಂಚಿನಲ್ಲಿ ಬಣ್ಣ ನಿಂತ ಮೇಲೂ ಎಣ್ಣೆ ಮಾತ್ರ ಮುಂದೆ ಹೋಗಿರುತ್ತದೆ, ಬೋಂಡ ಕಟ್ಟಿದ ಕಾಗದದಲ್ಲಿ ಹರಡಿದ ಹಾಗೆ. ಆ ಎಣ್ಣೆಯೇ ಮುಂದೆ ತಕರಾರು ತೆಗೆಯುವುದು: ಗಾಳಿಯ ಆಮ್ಲಜನಕ ತಾಗಿ ಹಳದಿಗೆ ತಿರುಗುತ್ತದೆ, ಹತ್ತಿಯ ನಾರನ್ನು ಪೆಡಸು ಮಾಡುತ್ತದೆ. ಹಿಂದಿನವರು ಅಂಟು, ಪ್ರೈಮರ್ ಬಳಿಯುತ್ತಿದ್ದುದು ಸುಮ್ಮನೆ ಅಲ್ಲ. ಆಕೆ ಕೂಡ 1960ರ ದಶಕದಲ್ಲಿ ಅಕ್ರಿಲಿಕ್‌ಗೆ, ಅಂದರೆ ನೀರು ಬೆರೆಸುವ ಎಣ್ಣೆಯಿಲ್ಲದ ಬಣ್ಣಕ್ಕೆ, ಬಂದಳು.

ನೀವೂ ಅಕ್ರಿಲಿಕ್‌ನಲ್ಲೇ ಶುರುಮಾಡಿ. ಬರೀ ನೀರು ಸುರಿದು ತೆಳುವಾಗಿಸಬೇಡಿ, ಅಂಟು ಸಾಲದೆ ಬಣ್ಣ ಸಡಿಲವಾಗುತ್ತದೆ. ಅಕ್ರಿಲಿಕ್ ಮೀಡಿಯಂ (ಬಣ್ಣವಿಲ್ಲದ ಅಕ್ರಿಲಿಕ್ ಅಂಟು) ಸೇರಿಸಿ. ಮೃದು ಅಂಚು ಬೇಕಿದ್ದರೆ ಬಟ್ಟೆಯನ್ನು ಮೊದಲೇ ಒದ್ದೆ ಮಾಡಿ. ಒಣಗುವವರೆಗೆ ಎತ್ತಬೇಡಿ. ಬಣ್ಣ ಇಳಿಜಾರಿನಲ್ಲಿ ಹರಿಯಲಿ ಎಂಬುದೇ ನಿಮ್ಮ ಆಸೆಯಾದರೆ ಅಮೆರಿಕದ ಚಿತ್ರಕಾರ ಮಾರಿಸ್ ಲೂಯಿಸ್‌ನ ಚಿತ್ರಗಳನ್ನು ನೋಡಿ. 1953ರಲ್ಲಿ ಫ್ರಾಂಕೆನ್‌ಥೇಲರ್ ಚಿತ್ರ ನೋಡಿ ದಾರಿ ಬದಲಿಸಿದವನು ಅವನು. ವಾಷಿಂಗ್ಟನ್ನಿನ ಮನೆಯ ಊಟದ ಕೋಣೆಯಲ್ಲಿ ಅಷ್ಟು ದೊಡ್ಡ ಕ್ಯಾನ್ವಾಸನ್ನು ಹೇಗೆ ಮಡಿಸಿ, ಹೇಗೆ ವಾಲಿಸಿ ಬಣ್ಣ ಹರಿಸಿದ ಅನ್ನುವುದನ್ನು ಮಾತ್ರ ಅವನು ಯಾರಿಗೂ ತೋರಿಸಲಿಲ್ಲ.