ಗುರುವಾರ ಮಧ್ಯಾಹ್ನದ ನೀರಿನ ಕೋರ್ಟು

ಸ್ಪೇನಿನ ವಲೆನ್ಸಿಯಾ ಫುಟ್‌ಬಾಲ್ ಕ್ಲಬ್ಬಿನ ಮೈದಾನದ ಹೆಸರು ಮೆಸ್ತಾಯಾ. 1923ರಲ್ಲಿ ಶುರುವಾದ ಮೈದಾನ ಅದು. ಮೆಸ್ತಾಯಾ ಅಂದರೆ ಯಾವುದೋ ಹಳೇ ಆಟಗಾರನೋ ದಾನಿಯೋ ಅಂದುಕೊಳ್ಳಬೇಡಿ. ಅದು ಪಕ್ಕದಲ್ಲೇ ಹರಿಯುತ್ತಿದ್ದ ಒಂದು ನೀರಾವರಿ ಕಾಲುವೆಯ ಹೆಸರು. ಮೈದಾನಕ್ಕೆ ನೂರು ವರ್ಷವಾದರೆ ಕಾಲುವೆಗೆ ನೂರಾರು ವರ್ಷ. ಇಂಥ ಎಂಟು ಕಾಲುವೆಗಳ ರೈತರ ತಕರಾರು ಬಗೆಹರಿಸುವ ಒಂದು ಕೋರ್ಟು ಇವತ್ತಿಗೂ ಪ್ರತಿ ಗುರುವಾರ ಮಧ್ಯಾಹ್ನ 12 ಗಂಟೆಗೆ ನಗರದ ಕೆಥೆಡ್ರಲ್ ಬಾಗಿಲಲ್ಲಿ ಕೂರುತ್ತದೆ. ವಕೀಲರಿಲ್ಲ. ವಾದವೆಲ್ಲ ಬಾಯಿಮಾತಿನಲ್ಲೇ. ತೀರ್ಪಿನ ಮೇಲೆ ಮೇಲ್ಮನವಿಯೂ ಇಲ್ಲ.

ಇದರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕರಿ ಅಂಗಿ ತೊಟ್ಟ ಆ ನ್ಯಾಯಾಧೀಶರ ಫೋಟೊ ಹಾಕಿ, ‘ಸಾವಿರ ವರ್ಷದ ಸಂಪ್ರದಾಯ’ ಅಂತ ಬರೆದು ಮುಗಿಸಿಬಿಡುತ್ತಾರೆ. ನನಗೆ ಜಾಸ್ತಿ ಕುತೂಹಲ ಇರುವುದು ಕೋರ್ಟಿನ ಬಗ್ಗೆ ಅಲ್ಲ, ಕಾಲುವೆಯೊಳಗಿನ ಒಂದು ಕಲ್ಲಿನ ಬಗ್ಗೆ. ಅರ್ಧ ನ್ಯಾಯವನ್ನು ಆ ಕಲ್ಲೇ ಮಾಡಿ ಮುಗಿಸಿರುತ್ತದೆ. ಉಳಿದಿದ್ದಷ್ಟೇ ಕೋರ್ಟಿಗೆ ಬರುತ್ತದೆ.

ಮೊದಲು ಆ ಊರಿನ ಮಳೆಯ ವಿಷಯ. ಸ್ಪೇನಿಗೆ ಮಳೆ ತರುವ ಗಾಳಿ ಹೆಚ್ಚಾಗಿ ಪಶ್ಚಿಮದ ಅಟ್ಲಾಂಟಿಕ್ ಸಾಗರದಿಂದ ಬರುತ್ತದೆ. ವಾಯವ್ಯದ ಗಲೀಸಿಯಾ ಅದಕ್ಕೆ ಮೊದಲು ಸಿಗುತ್ತದೆ. ಹಾಗಾಗಿ ಅಲ್ಲಿನ ಸಾಂತಿಯಾಗೊ ಊರಿನಲ್ಲಿ ವರ್ಷಕ್ಕೆ ಸುಮಾರು 1800 ಮಿ.ಮೀ. ಮಳೆ, ಎಲ್ಲೆಲ್ಲೂ ಹಸಿರು, ಗೋಡೆಗಳ ಮೇಲೂ ಪಾಚಿ. ಅಲ್ಲಿಂದ ಮುಂದೆ ಬೆಟ್ಟಸಾಲು ಹತ್ತಿ, ಮೆಸೆತಾ ಎಂಬ ದೊಡ್ಡ ಪ್ರಸ್ಥಭೂಮಿ ದಾಟಿ, ಪೂರ್ವದ ಕರಾವಳಿ ತಲುಪುವ ಹೊತ್ತಿಗೆ ಗಾಳಿ ಒಣಗಿರುತ್ತದೆ. ವಲೆನ್ಸಿಯಾಕ್ಕೆ ವರ್ಷಕ್ಕೆ ಸಿಗುವುದು ಸುಮಾರು 450 ಮಿ.ಮೀ. ಅದೂ ಬೇಕಾದಾಗ ಬರುವುದಿಲ್ಲ. ಬೆಳೆಗೆ ನೀರು ಬೇಕಾಗಿರುವ ಜೂನ್, ಜುಲೈನಲ್ಲಿ ಆಕಾಶ ಖಾಲಿ. ಬಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಒಂದೇ ಸಲ ಧೋ ಅಂತ.

ಹೀಗಾಗಿ ಇಲ್ಲಿ ಬೇಸಾಯ ಅಂದರೆ ತುರಿಯಾ ನದಿ. ತೆರುಯೆಲ್ ಸೀಮೆಯ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು 280 ಕಿ.ಮೀ. ಹರಿದು ಮೆಡಿಟರೇನಿಯನ್ ಸೇರುವ ಸಣ್ಣ ನದಿ. ಕೊನೆಯ ಕೆಲವು ಕಿಲೋಮೀಟರಿನಲ್ಲಿ ಅದು ತಂದು ಹಾಸಿದ ಮೆಕ್ಕಲು ಮಣ್ಣಿನ ಬಯಲಿಗೆ ಓರ್ತಾ ಅನ್ನುತ್ತಾರೆ. ತರಕಾರಿ, ಕಿತ್ತಳೆ, ಜೊತೆಗೆ ಅಲ್ಬೊರಾಯಾ ಕಡೆ ಬೆಳೆಯುವ ಚೂಫಾ ಎಂಬ ಗಡ್ಡೆ. ನೆಲಗಡಲೆಯಷ್ಟು ಪುಟ್ಟದಾದ ಆ ಗಡ್ಡೆಯನ್ನು ರುಬ್ಬಿ, ಸೋಸಿ, ಸಕ್ಕರೆ ಹಾಕಿ ತಣ್ಣಗೆ ಕುಡಿಯುತ್ತಾರೆ. ಬೇಸಿಗೆಯಲ್ಲಿ ಊರಿಗೆ ಊರೇ ಆ ಪಾನಕದ ಅಂಗಡಿ ಮುಂದೆ ಇರುತ್ತದೆ.

ಕಾಲುವೆಗಳ ಹೆಸರು ಹೇಳಿಬಿಡುತ್ತೇನೆ: ಕ್ವಾರ್ಟ್, ಬೆನಾಜೆರ್-ಫೈತಾನಾರ್, ಮಿಸ್ಲಾತಾ, ಫವಾರಾ, ರೊವೆಯಾ ನದಿಯ ಬಲದಂಡೆಗೆ, ತೊರ್ಮೋಸ್, ಮೆಸ್ತಾಯಾ, ರಸ್ಕಾನ್ಯಾ ಎಡದಂಡೆಗೆ. ಇವುಗಳಿಗಿಂತ ಮೇಲೆ, ಎಡದಂಡೆಯಲ್ಲೇ, ಮೊಂಕಾಡಾ ಅನ್ನುವ ದೊಡ್ಡ ಕಾಲುವೆ ಇದೆ. ಅದು ಈ ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ. ಯಾಕೆ ಅನ್ನುವುದು ಆಮೇಲೆ.

ಈಗ ಆ ಕಲ್ಲು. ಒಂದು ನದಿಯ ನೀರನ್ನು ಇಷ್ಟು ಕಾಲುವೆಗೆ ಹಂಚುವುದು ಹೇಗೆ? ನಮಗೆ ತಕ್ಷಣ ಹೊಳೆಯುವುದು ಅಳತೆ: ಇಂಥವರಿಗೆ ಸೆಕೆಂಡಿಗೆ ಇಷ್ಟು ಲೀಟರ್ ಅಂತ. ಆದರೆ ಮೀಟರ್ ಇಲ್ಲದ ಕಾಲದಲ್ಲಿ ಹರಿಯುವ ನೀರನ್ನು ಅಳೆಯುವವರು ಯಾರು? ಅಳೆದರೂ, ನದಿಯೇ ಬತ್ತಿದ ವರ್ಷ ‘ನನ್ನ ಲೀಟರ್ ಕೊಡು’ ಅಂದರೆ ಕೊಡುವವರು ಯಾರು? ವಲೆನ್ಸಿಯಾದವರು ಅಳತೆಯ ಗೋಜಿಗೇ ಹೋಗಲಿಲ್ಲ. ಪಾಲು ಮಾಡಿಕೊಂಡರು. ಹಳೆಯ ಲೆಕ್ಕದಲ್ಲಿ ನದಿಯ ನೀರು ಎಷ್ಟೇ ಇರಲಿ, ಅದನ್ನು 138 ಭಾಗ ಅಂತ ಇಟ್ಟುಕೊಳ್ಳುವುದು. ಒಂದೊಂದು ಭಾಗಕ್ಕೆ ‘ಫಿಲಾ’ ಅನ್ನುತ್ತಾರೆ. ಮೊಂಕಾಡಾಕ್ಕೆ 48, ಮೆಸ್ತಾಯಾಕ್ಕೆ 14, ತೊರ್ಮೋಸ್‌ಗೆ 10, ಹೀಗೆ. ನದಿ ತುಂಬಿ ಹರಿದರೆ ಮೆಸ್ತಾಯಾಕ್ಕೆ ತುಂಬಿದ ನದಿಯ ಹತ್ತರಲ್ಲೊಂದು ಪಾಲು. ಬತ್ತಿದರೆ ಬತ್ತಿದ್ದರಲ್ಲಿ ಹತ್ತರಲ್ಲೊಂದು. ಹೊಲವನ್ನು ಗುತ್ತಿಗೆಗೆ ಮಾಡುವುದಕ್ಕೂ ಪಾಲಿಗೆ ಮಾಡುವುದಕ್ಕೂ ಇರುವ ವ್ಯತ್ಯಾಸ ಇದೇ ಅಲ್ವಾ? ಪಾಲಿನಲ್ಲಿ ಬರವೂ ಇಬ್ಬರದ್ದು.

ಮುಖ್ಯ ಕಾಲುವೆ ಕವಲೊಡೆಯುವ ಜಾಗದಲ್ಲಿ, ನೀರಿನ ಮಧ್ಯೆ, ಚೂಪು ಮೂತಿಯ ಒಂದು ಕಲ್ಲಿನ ಗೋಡೆ ಕಟ್ಟಿರುತ್ತಾರೆ. ಅದಕ್ಕೆ ಅವರು ‘ನಾಲಿಗೆ’ ಅನ್ನುವುದು. ಎಡಗಡೆ ಮೂರು ಮೊಳ, ಬಲಗಡೆ ಒಂದು ಮೊಳ ಅಗಲ ಬಿಟ್ಟು ನಾಲಿಗೆ ಕಟ್ಟಿದರೆ ನೀರು ತಾನಾಗಿಯೇ ಮೂರಕ್ಕೊಂದರಂತೆ ಒಡೆಯುತ್ತದೆ. ಇಷ್ಟು ಸುಲಭವಾ? ಎರಡೂ ಕಡೆಯ ತಳ ಒಂದೇ ಮಟ್ಟದಲ್ಲಿದ್ದರೆ ಹೌದು. ಹೊಸ್ತಿಲಿನಂಥ ಕಟ್ಟೆಯ ಮೇಲೆ ಹಾಯುವ ನೀರಿನ ಪ್ರಮಾಣ ಎರಡು ವಿಷಯದ ಮೇಲೆ ನಿಂತಿದೆ: ಕಟ್ಟೆಯ ಅಗಲ, ಅದರ ಮೇಲೆ ನೀರಿನ ಎತ್ತರ. ಅಗಲ ಎರಡರಷ್ಟಾದರೆ ನೀರೂ ಎರಡರಷ್ಟು. ಎತ್ತರದ ಲೆಕ್ಕ ಸ್ವಲ್ಪ ತಿರುಚು. ಎತ್ತರ ಎರಡರಷ್ಟಾದರೆ ನೀರು ಸುಮಾರು 2.8ರಷ್ಟಾಗುತ್ತದೆ. ಆದರೆ ಆ ತಿರುಚು ಲೆಕ್ಕ ನಮಗೆ ಬೇಕೇ ಇಲ್ಲ. ತಳ ಒಂದೇ ಮಟ್ಟದಲ್ಲಿದ್ದರೆ ನಾಲಿಗೆಯ ಎರಡೂ ಬದಿಗೆ ನೀರಿನ ಎತ್ತರ ಒಂದೇ. ಅದು ಏರಿದರೂ ಇಳಿದರೂ ಎರಡೂ ಕಡೆ ಒಟ್ಟಿಗೆ. ಉಳಿಯುವುದು ಅಗಲ ಮಾತ್ರ. ಅಗಲ ಕಲ್ಲಿನದ್ದು, ಅದು ಬದಲಾಗುವುದಿಲ್ಲ. ಗಣಿತ ಬಾರದವನೂ ದಂಡೆಯ ಮೇಲೆ ನಿಂತು ಕಣ್ಣಳತೆಯಲ್ಲೇ ‘ಹಂಚಿಕೆ ಸರಿ ಇದೆ’ ಅನ್ನಬಹುದು. ರಾತ್ರಿ ಬಂದು ಯಾರೂ ಸದ್ದಿಲ್ಲದೆ ತಿರುಗಿಸಲು ಅಲ್ಲಿ ಗೇಟೂ ಇಲ್ಲ, ಚಕ್ರವೂ ಇಲ್ಲ.

ಇದು ಕೆಲಸ ಮಾಡಬೇಕಾದರೆ ಇನ್ನೊಂದು ಷರತ್ತಿದೆ. ಮುಂದೆ ಕಾಲುವೆಯಲ್ಲಿ ಕಳೆ ಬೆಳೆದೋ ಹೂಳು ತುಂಬಿಯೋ ನೀರು ಹಿಂದಕ್ಕೆ ಒತ್ತಿದರೆ ಲೆಕ್ಕ ಕೆಡುತ್ತದೆ. ಆ ಕಡೆ ಹೋಗಬೇಕಾದ ನೀರು ಈ ಕಡೆ ನುಗ್ಗುತ್ತದೆ. ಅದಕ್ಕೇ ಓರ್ತಾದ ಕಟ್ಟಳೆಗಳಲ್ಲಿ ನೀರು ಕದಿಯುವುದರ ಹಾಗೆ ಕಾಲುವೆ ಸ್ವಚ್ಛ ಮಾಡದಿರುವುದೂ ತಪ್ಪೇ. ಹೂಳೆತ್ತುವುದನ್ನು ನಾವು ಶ್ರಮದಾನ ಅಂತ ನೋಡುತ್ತೇವೆ, ಅಲ್ಲಿ ಅದು ಹಂಚಿಕೆಯ ಯಂತ್ರದ ಸರ್ವಿಸಿಂಗ್.

ನಾಲಿಗೆಯ ಕೆಲಸ ಕವಲುಗಳ ನಡುವೆ. ಒಂದೇ ಕವಲಿನ ರೈತರ ನಡುವೆ ಮಾತ್ರ ಸರದಿಯೇ ಗತಿ. ನೀರು ನಿಮ್ಮ ತೂಬಿಗೆ ಬಂದಾಗ ನೀವು ಅಲ್ಲಿರಬೇಕು. ಬೇಕಾದಷ್ಟು ಹಾಯಿಸಿಕೊಳ್ಳಿ, ಆದರೆ ಪೋಲು ಮಾಡುವ ಹಾಗಿಲ್ಲ. ನೀವು ಬಂದಿಲ್ಲವೋ, ಸರದಿ ಹೋಯಿತು, ಮುಂದಿನ ಸುತ್ತಿಗೆ ಕಾಯಬೇಕು. ಇದರಲ್ಲಿ ಒಂದು ಜಾಣತನ ಅಡಗಿದೆ. ನೀವು ನೀರು ಬಿಟ್ಟುಕೊಳ್ಳುತ್ತಿರುವಾಗ ಕೆಳಗಿನ ಹೊಲದವನು ತನ್ನ ತೂಬಿನ ಹತ್ತಿರ ನಿಂತು ನಿಮ್ಮನ್ನೇ ನೋಡುತ್ತಿರುತ್ತಾನೆ. ಅವನಿಗೆ ಸಂಬಳ ಕೊಡಬೇಕಾಗಿಲ್ಲ. ಜಗತ್ತಿನಾದ್ಯಂತ ಇಂಥ ವ್ಯವಸ್ಥೆಗಳನ್ನು ಅಭ್ಯಾಸ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನೋರ್ ಓಸ್ಟ್ರಮ್ ವಲೆನ್ಸಿಯಾದ ಬಗ್ಗೆಯೂ ಬರೆದಿದ್ದಾರೆ. ಕಾವಲು ಅನ್ನುವುದು ದಿನದ ಕೆಲಸದ ಜೊತೆಗೇ ಆಗಿಹೋಗುವಂತಿದ್ದರೆ ಕಟ್ಟಳೆ ಬಾಳುತ್ತದೆ ಅನ್ನುವುದು ಅವರು ಕಂಡುಕೊಂಡ ಮುಖ್ಯ ಮಾತು. ನಮ್ಮ ಕಡೆ ನೀರಗಂಟಿ ಅಂತೀವಲ್ಲ, ಅಂಥವರು ಅಲ್ಲೂ ಇದ್ದಾರೆ. ಆದರೆ ಅವರು ಒಬ್ಬರೇ ಅಲ್ಲ, ಇಡೀ ಕಾಲುವೆಯೇ ಕಾವಲು.

ಆದರೂ ತಪ್ಪು ಆಗುತ್ತದೆ. ಒಬ್ಬ ಸರದಿ ಮುರಿಯುತ್ತಾನೆ, ಇನ್ನೊಬ್ಬ ತೂಬು ತೆರೆದಿಟ್ಟು ಮನೆಗೆ ಹೋಗಿ ಪಕ್ಕದವನ ಹೊಲ ಕೊಚ್ಚೆಯಾಗುತ್ತದೆ. ಆಗ ಗುರುವಾರದ ಕೋರ್ಟು. ಎಂಟು ಕಾಲುವೆಗೆ ಎಂಟು ಜನ ‘ಸಿಂದಿಕ್’ಗಳು. ಎಲ್ಲರೂ ರೈತರೇ, ಆಯಾ ಕಾಲುವೆಯ ರೈತರೇ ಆರಿಸಿದವರು. ಕೆಥೆಡ್ರಲ್‌ನ ಅಪೊಸ್ತಲರ ಬಾಗಿಲ ಮುಂದೆ ಮರದ ಕುರ್ಚಿಗಳನ್ನು ಸುತ್ತಲೂ ಹಾಕಿ ಕೂರುತ್ತಾರೆ. ಗಂಟೆ 12 ಹೊಡೆಯುತ್ತಿದ್ದಂತೆ ಕೈಯಲ್ಲಿ ಹಿತ್ತಾಳೆಯ ಕೊಕ್ಕೆ ಹಿಡಿದ ಜವಾನ ಒಂದೊಂದು ಕಾಲುವೆಯ ಹೆಸರು ಕೂಗಿ, ಯಾರ ಮೇಲಾದರೂ ದೂರು ಇದೆಯೇ ಅಂತ ಕೇಳುತ್ತಾನೆ. ಇದ್ದರೆ ಇಬ್ಬರೂ ಮುಂದೆ ಬರುತ್ತಾರೆ. ಈಗ ನೀನು ಮಾತಾಡು ಅಂತ ಅಧ್ಯಕ್ಷ ಸನ್ನೆ ಮಾಡುವುದು ಕಾಲಿನಿಂದ! ಬೂಟಿನ ತುದಿ ಯಾರ ಕಡೆ ತಿರುಗುತ್ತದೋ ಅವರು ಮಾತಾಡಬೇಕು. ಮಾತು ವಲೆನ್ಸಿಯನ್ ಭಾಷೆಯಲ್ಲೇ.

ಆರೋಪಿಯ ಸ್ವಂತ ಕಾಲುವೆಯ ಸಿಂದಿಕ್ ತೀರ್ಪಿನಲ್ಲಿ ಸೇರುವ ಹಾಗಿಲ್ಲ. ಅಧ್ಯಕ್ಷ ಒಂದು ದಂಡೆಯವನಾದರೆ ಉಪಾಧ್ಯಕ್ಷ ಇನ್ನೊಂದು ದಂಡೆಯವನು. ತಪ್ಪು ಸಾಬೀತಾದರೆ ದಂಡ, ಖರ್ಚು, ನಷ್ಟ ಪರಿಹಾರ ಎಲ್ಲವನ್ನೂ ಕಟ್ಟಳೆಯ ಪ್ರಕಾರ ಕೊಡಬೇಕು ಅಂತ ಅಲ್ಲೇ, ಆಗಲೇ ಹೇಳಿಬಿಡುತ್ತಾರೆ. ಬಹಳಷ್ಟು ಗುರುವಾರ ಒಂದು ದೂರೂ ಇರುವುದಿಲ್ಲ. ಹೆಸರು ಕೂಗಿ ಕೆಲವೇ ನಿಮಿಷದಲ್ಲಿ ಎದ್ದು ಹೋಗುತ್ತಾರೆ. ದೂರದಿಂದ ಬಂದ ಪ್ರವಾಸಿಗಳಿಗೆ ನಿರಾಸೆ. ನೀರಿಗೆ ಸಂಬಂಧಪಟ್ಟವರಿಗೆ ಅದೇ ನೆಮ್ಮದಿ. ಇದು ಸುಮ್ನೆ ಪ್ರದರ್ಶನಕ್ಕೆ ಉಳಿಸಿಕೊಂಡ ಆಚರಣೆ ಅಂತಲೂ ಅಲ್ಲ. ಸ್ಪೇನಿನ 1985ರ ನ್ಯಾಯಾಂಗ ಕಾಯ್ದೆ ಇದನ್ನು ಹೆಸರಿಸಿಯೇ ಮಾನ್ಯ ಮಾಡಿದೆ. 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು, ಪಕ್ಕದ ಮುರ್ಸಿಯಾದ ಇಂಥದ್ದೇ ಒಂದು ಮಂಡಳಿಯ ಜೊತೆ.

ಸಾವಿರ ವರ್ಷ ನಿಜವಾ? 960ರಲ್ಲಿ, ಕೊರ್ಡೊಬಾದ ಖಲೀಫರ ಕಾಲದಲ್ಲಿ, ಶುರುವಾಯಿತು ಅಂತ ನಂಬಿಕೆ. 1960ರಲ್ಲಿ ಸಹಸ್ರಮಾನೋತ್ಸವವನ್ನೂ ಮಾಡಿದರು. ಆ ವರ್ಷಕ್ಕೆ ಗಟ್ಟಿ ದಾಖಲೆ ಇಲ್ಲ. ಆದರೆ 1238ರಲ್ಲಿ ಅರಾಗೊನ್‌ನ ರಾಜ ಮೊದಲನೇ ಜೇಮ್ಸ್ ಮುಸ್ಲಿಂ ಅರಸರಿಂದ ವಲೆನ್ಸಿಯಾ ಗೆದ್ದಾಗ ಕಾಲುವೆಗಳು ಆಗಲೇ ಇದ್ದವು ಅನ್ನುವುದು ಖಚಿತ. ಮುಂಚೆ ಹೇಗೆ ನಡೆಯುತ್ತಿತ್ತೋ ಹಾಗೇ ನಡೆಸಿಕೊಂಡು ಹೋಗಿ ಅಂತ ಅವನು ಕಾಲುವೆಗಳನ್ನು ಹೊಸ ನಿವಾಸಿಗಳಿಗೆ ಬಿಟ್ಟುಕೊಟ್ಟ. ಮೊಂಕಾಡಾ ಒಂದನ್ನು ಮಾತ್ರ ತನಗೆ ಇಟ್ಟುಕೊಂಡ. ಅದರ ಕಾರುಬಾರು ಇವತ್ತಿಗೂ ಬೇರೆಯಾಗಿರುವುದು ಅದಕ್ಕೇ. ಊರಿನ ಒಡೆಯ ಬದಲಾದ, ಧರ್ಮ ಬದಲಾಯಿತು, ಭಾಷೆ ಬದಲಾಯಿತು. ನೀರಿನ ಕಟ್ಟಳೆ ಮುಟ್ಟಲು ಯಾರಿಗೂ ಧೈರ್ಯ ಬರಲಿಲ್ಲ. 1609ರಲ್ಲಿ ಮತಾಂತರಗೊಂಡಿದ್ದ ಮುಸ್ಲಿಮರ ವಂಶಸ್ಥರನ್ನು ಸ್ಪೇನ್ ಹಡಗು ಹತ್ತಿಸಿ ಓಡಿಸಿತು. ವಲೆನ್ಸಿಯಾ ರಾಜ್ಯದ ಸುಮಾರು ಮೂರನೇ ಒಂದು ಪಾಲು ಜನ ಹೀಗೆ ಹೋದರು. ಕಾಲುವೆ ತೋಡಿದವರ ಮಕ್ಕಳು ಮೊಮ್ಮಕ್ಕಳು ಆ ಹಡಗುಗಳಲ್ಲಿದ್ದರು ಅನ್ನುವುದನ್ನು ಸಹಸ್ರಮಾನೋತ್ಸವದ ಖುಷಿಯಲ್ಲಿ ಮರೆಯುವ ಹಾಗಿಲ್ಲ.

ಎಲ್ಲ ಕಡೆ ಇದೇ ಪದ್ಧತಿ ಅಂದುಕೊಳ್ಳಬೇಡಿ. ವಲೆನ್ಸಿಯಾದಲ್ಲಿ ನೀರು ಭೂಮಿಗೆ ಅಂಟಿಕೊಂಡಿದೆ. ಹೊಲ ಮಾರಿದರೆ ನೀರಿನ ಹಕ್ಕೂ ಜೊತೆಗೆ ಹೋಗುತ್ತದೆ. ದಕ್ಷಿಣಕ್ಕೆ ಇಳಿದಂತೆ ಮಳೆ ಇನ್ನೂ ಕಡಿಮೆ. ಅಲ್ಲಿ ನೀರೇ ಒಂದು ಆಸ್ತಿ. ಲೊರ್ಕಾದಲ್ಲಿ 1961ರವರೆಗೂ ನೀರನ್ನು ಹರಾಜು ಹಾಕುತ್ತಿದ್ದರು. ಅಲಿಕಾಂತೆಯವರು 1594ರಲ್ಲೇ ತೀಬಿ ಎಂಬಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದ್ದರು. ಅದು ಈಗಲೂ ನಿಂತಿದೆ. ಅಲ್ಲಿ ನೀರಿನ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಚೀಟಿ ಮಾಡಿ ಮಾರುತ್ತಿದ್ದರು. ತೀರಾ ಬರದ ನಾಡಿನಲ್ಲಿ ನೀರಿಗೆ ಬೆಲೆ ಕಟ್ಟುವುದು ತಪ್ಪು ಅಂತ ನಾನು ಹೇಳಲಾರೆ. ಆದರೆ ಹರಾಜಿನಲ್ಲಿ ಬರಗಾಲ ಬಂದಾಗ ಮೊದಲು ಹೊರಗೆ ಬೀಳುವವನು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈ ಎಲ್ಲ ಜಾಣತನವೂ ನೀರು ಕಡಿಮೆಯಾದಾಗಿನದು. ಜಾಸ್ತಿಯಾದಾಗ ಕಲ್ಲಿನ ನಾಲಿಗೆ ಏನೂ ಮಾಡಲಾರದು. ಬೇಸಿಗೆಯಿಡೀ ಕಾದ ಮೆಡಿಟರೇನಿಯನ್ ಸಮುದ್ರ ಶರತ್ಕಾಲದಲ್ಲೂ ಬೆಚ್ಚಗಿರುತ್ತದೆ. ಮೇಲಿನ ವಾತಾವರಣದಲ್ಲಿ ತಣ್ಣನೆ ಗಾಳಿಯ ಒಂದು ತುಂಡು ಉತ್ತರದ ಗಾಳಿಯ ಹರಿವಿನಿಂದ ಕಳಚಿಕೊಂಡು ಬಂದು ಸ್ಪೇನಿನ ಮೇಲೆ ನಿಂತರೆ, ಕೆಳಗಿನ ಬಿಸಿ ತೇವದ ಗಾಳಿ ಅದರತ್ತ ಚಿಮ್ಮುತ್ತದೆ, ಕರಾವಳಿಯ ಬೆಟ್ಟಗಳು ಅದನ್ನು ಇನ್ನೂ ಮೇಲಕ್ಕೆ ತಳ್ಳುತ್ತವೆ. ಇದಕ್ಕೆ ಅಲ್ಲಿನವರು ‘ದಾನಾ’ ಅನ್ನುತ್ತಾರೆ. 1957ರ ಅಕ್ಟೋಬರ್ 14ರಂದು ತುರಿಯಾ ಉಕ್ಕಿ ಕನಿಷ್ಠ 81 ಜನ ಸತ್ತರು. ಆಮೇಲೆ ನದಿಯನ್ನೇ ಎತ್ತಿ ನಗರದ ದಕ್ಷಿಣಕ್ಕೆ, ಸುಮಾರು 12 ಕಿ.ಮೀ. ಉದ್ದದ ಹೊಸ ಪಾತ್ರಕ್ಕೆ ಹಾಕಿದರು. ಹಳೆಯ ಪಾತ್ರ ಈಗ ಉದ್ಯಾನ, ನದಿಯ ಮೇಲಿದ್ದ ಸೇತುವೆಗಳ ಕೆಳಗೆ ಮಕ್ಕಳು ಆಡುತ್ತಾರೆ. 2024ರ ಅಕ್ಟೋಬರ್ 29ರಂದು ನಗರದ ಪಶ್ಚಿಮದ ತುರೀಸ್‌ನಲ್ಲಿ ಒಂದೇ ದಿನ 770 ಮಿ.ಮೀ.ಗೂ ಜಾಸ್ತಿ ಮಳೆ ಬಿತ್ತು. ಹೊಸ ಪಾತ್ರ ಹಳೇ ನಗರವನ್ನು ಉಳಿಸಿತು. ಅದರ ದಕ್ಷಿಣಕ್ಕಿದ್ದ ಪೈಪೊರ್ತಾ, ಕತರೋಹಾದಂಥ ಊರುಗಳಿಗೆ ಪೋಯೊ ಎಂಬ, ವರ್ಷದ ಬಹುಪಾಲು ಒಣಗಿರುವ ಹಳ್ಳ ನುಗ್ಗಿತು. ವಲೆನ್ಸಿಯಾ ಪ್ರಾಂತ್ಯದಲ್ಲಿ 220ಕ್ಕೂ ಹೆಚ್ಚು ಜನ ಸತ್ತರು.

ಓರ್ತಾಕ್ಕೆ ದಿನನಿತ್ಯದ ಅಪಾಯ ಮಾತ್ರ ಬೇರೆ: ರಸ್ತೆ, ಅಪಾರ್ಟ್‌ಮೆಂಟು, ಬಂದರು. ಅದನ್ನು ತಡೆಯಲು 2018ರಲ್ಲಿ ಕಾಯ್ದೆ ಬಂತು. ಮರುವರ್ಷ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ನೀರಾವರಿಯನ್ನು ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ಇನ್ನೊಂದು ಚರ್ಚೆ ಹನಿ ನೀರಾವರಿಯದು. ಹೊಲಕ್ಕೆ ನೀರು ಹಾಯಿಸಿ ತುಂಬಿಸುವುದು ದಂಡ, ಪೈಪು ಹಾಕಿ ಅನ್ನುತ್ತಾರೆ. ಒಂದು ಹೊಲದ ಲೆಕ್ಕಕ್ಕೆ ಸರಿಯೇ. ಆದರೆ ಹಾಗೆ ‘ದಂಡ’ವಾಗುವ ನೀರು ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಅಂತರ್ಜಲಕ್ಕೆ. ಇನ್ನು ಸ್ವಲ್ಪ, ದಕ್ಷಿಣದ ಹೊಲಗಳಿಂದ ಬಸಿದು, ಅಲ್ಬುಫೆರಾ ಎಂಬ ಸರೋವರಕ್ಕೆ. ಪಯೇಯಾ ಎಂಬ ಅಲ್ಲಿನ ಅನ್ನದ ಅಡುಗೆ ಮಾಡುವ ಅಕ್ಕಿ ಬೆಳೆಯುವುದು ಅದರ ಸುತ್ತಲೇ. ಸಾವಿರಾರು ವಲಸೆ ಹಕ್ಕಿ ಇಳಿಯುವುದೂ ಅಲ್ಲೇ. 1986ರಿಂದ ಅದು ಸಂರಕ್ಷಿತ ಪ್ರದೇಶ. ಮೇಲಿನ ಹೊಲ ಉಳಿಸಿದ ನೀರು ಕೆಳಗಿನ ಸರೋವರಕ್ಕೆ ಕಡಿಮೆಯಾಗುತ್ತದೆ. ಅಲ್ಬುಫೆರಾದ ಹಕ್ಕಿಗಳಿಗೆ ಎಷ್ಟು ಫಿಲಾ ಅಂತ 138ರ ಹಳೆಯ ಲೆಕ್ಕದಲ್ಲಿ ಬರೆದಿಲ್ಲ. ಗುರುವಾರ ಅವುಗಳ ಪರವಾಗಿ ಕೂರಲು ಸಿಂದಿಕ್ ಕೂಡ ಇಲ್ಲ.